ಒಂದು ಬೆರಳಿನಷ್ಟು ಸಡಿಲ

"ಬುದ್ಧೀ, ಕೋಪವನ್ನು ತಡೆಯಬೇಕಾದರೆ ಮನಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು?" ಎಂದು ಸಿದ್ಧವೀರ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಹಿಂದಿನ ದಿನ ದಾಸೋಹದ ಪಂಕ್ತಿಯಲ್ಲಿ ಸಾರು ಚೆಲ್ಲಿದ ಮುದುಕನೊಬ್ಬನ ಮೇಲೆ ಕೈ ಎತ್ತಿದ್ದ. ಪಕ್ಕದಲ್ಲಿದ್ದವರು ಆ ಕೈ ಹಿಡಿದುಕೊಳ್ಳದೆ ಇದ್ದಿದ್ದರೆ ಏಟು ಬಿದ್ದೇ ಹೋಗುತ್ತಿತ್ತು.

"ಎದ್ದ ಗಳಿಗೆಯಿಂದ ಮನಸ್ಸನ್ನು ಹಿಡಿದೇ ಇರುತ್ತೇನೆ. ಆದರೂ ಹೀಗಾಯಿತು. ನನ್ನ ಹಿಡಿತ ಸಾಲದೇ?"

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಘಟ್ಟದ ಮೇಲಿನ ಒಂದು ಊರಿನಲ್ಲಿ ಗುರುಮಲ್ಲಪ್ಪ ಎಂಬ ರೇಷ್ಮೆಗೂಡಿನ ವ್ಯಾಪಾರಿ ಇದ್ದ. ತಂದೆಯ ಕಾಲದ ಹಳೆಯ ಕಾರೊಂದು ಅವನ ಬಳಿ ಇತ್ತು. ಅದನ್ನು ಅವನೇ ತೊಳೆಯುತ್ತಿದ್ದ, ಅವನೇ ಓಡಿಸುತ್ತಿದ್ದ, ಸಣ್ಣಪುಟ್ಟ ರಿಪೇರಿಯನ್ನೂ ಅವನೇ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಕಾರನ್ನು ಮನೆಯ ಗೇಟಿನೊಳಕ್ಕೆ ತರುವಾಗ ಬ್ರೇಕ್ ಹಿಡಿಯಲಿಲ್ಲ. ಗೇಟು ತೆಗೆದು ನಿಂತಿದ್ದವನು ಅವನ ಸ್ವಂತ ಅಣ್ಣ. ಅಣ್ಣನ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲವಾಯಿತು. ಅಣ್ಣ ಒಂದು ಬಿರುನುಡಿಯನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಗುರುಮಲ್ಲಪ್ಪನಿಗೆ ಎಷ್ಟೋ ಸಲ ಅನ್ನಿಸಿತು.

ಕಾರು ರಿಪೇರಿಯಾಗಿ ಬಂತು. ಅವನ ಅಳುಕು ಮಾತ್ರ ಹೋಗಲಿಲ್ಲ. ಪೆಡಲ್ ಮುಟ್ಟಿದರೆ ಸಾಕು, ಬ್ರೇಕ್ ಹಿಡಿಯಬೇಕು ಎಂಬುದೊಂದೇ ಅವನ ಚಿಂತೆ. ಪೆಡಲನ್ನು ತುಳಿದಾಗ ಬ್ರೇಕಿನ ಎಣ್ಣೆಯನ್ನು ಚಕ್ರಗಳ ಕಡೆಗೆ ದೂಡಲು ಒಂದು ಕಡ್ಡಿ ಇರುತ್ತದೆ. ಅವನು ಅದರ ನಟ್ಟು ತಿರುಗಿಸಿ ಕಡ್ಡಿಯನ್ನು ಉದ್ದ ಮಾಡಿದ. ಅಳುಕು ಹೆಚ್ಚಿದಾಗಲೆಲ್ಲ ಇನ್ನೂ ಅರ್ಧ ಸುತ್ತು ತಿರುಗಿಸಿದ. ಊರಿನ ಮೆಕ್ಯಾನಿಕ್ಕು, "ಯಜಮಾನರೇ, ಪೆಡಲಿನಲ್ಲಿ ಒಂದು ಬೆರಳಿನಷ್ಟು ಸಡಿಲ ಇರಲೇಬೇಕು" ಎಂದ. "ಆ ಸಡಿಲವೇ ನಮ್ಮಣ್ಣನ ಕಾಲು ತಿಂದದ್ದು" ಎಂದು ಗುರುಮಲ್ಲಪ್ಪ ಎದ್ದು ಬಂದ. ಊರೊಳಗೆ ಒಂದೆರಡು ಮೈಲಿ ಓಡಿಸುವಾಗ ಕಾರು ಯಾವ ತೊಂದರೆಯನ್ನೂ ತೋರಿಸಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಘಟ್ಟದ ಕೆಳಗಿನ ಪಟ್ಟಣದಿಂದ ಅಳಿಯ ಫೋನ್ ಮಾಡಿದ. ಮಗಳ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ಆಪರೇಷನ್. ಅವಳು ಅಮ್ಮ ಬೇಕು ಎಂದು ಅಳುತ್ತಿದ್ದಳು. ಗುರುಮಲ್ಲಪ್ಪ ಹೆಂಡತಿ ಶಿವಮ್ಮಣ್ಣಿಯನ್ನು ಕೂರಿಸಿಕೊಂಡು ಹೊರಟ.

ಆ ಘಟ್ಟಕ್ಕೆ ಇಪ್ಪತ್ತು ತಿರುವು. ಇಳಿಜಾರು ಶುರುವಾದಾಗ ಅವನ ಕಾಲು ಪೆಡಲಿನ ಮೇಲೆ ಕುಳಿತದ್ದು ಮತ್ತೆ ಏಳಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಕಾರು ಯಾರೋ ಹಿಂದಿನಿಂದ ಜಗ್ಗಿದಂತೆ ಎಳೆಯತೊಡಗಿತು. ಆರನೆಯ ತಿರುವಿನಲ್ಲಿ ಶಿವಮ್ಮಣ್ಣಿ ಸೆರಗನ್ನು ಮೂಗಿಗೆ ಹಿಡಿದಳು.

"ಏನೋ ಸೀದ ವಾಸನೆ ಕಣ್ರೀ."

"ಮುಂದೆ ಹೋದ ಲಾರಿಯದು" ಎಂದ ಗುರುಮಲ್ಲಪ್ಪ. ಮುಂದೆ ಯಾವ ಲಾರಿಯೂ ಇರಲಿಲ್ಲ.

ಎಂಟನೆಯ ತಿರುವಿನಲ್ಲಿ ಪೆಡಲ್ ಕಲ್ಲಿನಂತಾಗಿತ್ತು. ಒಂಬತ್ತನೆಯದರ ಹತ್ತಿರ ಅವನು ತುಳಿದಾಗ ಅದು ಏನೂ ಇಲ್ಲದಂತೆ ಇಳಿದು ನೆಲ ಮುಟ್ಟಿತು. ಮತ್ತೆ ತುಳಿದ. ಮತ್ತೆ ನೆಲ. ಎಡಕ್ಕೆ ಗುಡ್ಡ, ಬಲಕ್ಕೆ ಪ್ರಪಾತ. ಶಿವಮ್ಮಣ್ಣಿ ಅವನ ತೋಳನ್ನು ಹಿಡಿದುಕೊಂಡಳು. ಅವನು ಗೇರನ್ನು ಕಿತ್ತು ಒಂದಕ್ಕೆ ಹಾಕಿದ. ಸ್ಟಿಯರಿಂಗನ್ನು ಗುಡ್ಡದ ಕಡೆಗೆ ತಿರುಗಿಸಿ ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದ. ಕಾರು ತನ್ನ ಮಗ್ಗುಲನ್ನು ಗುಡ್ಡಕ್ಕೆ ಉಜ್ಜಿಕೊಂಡು ಇಪ್ಪತ್ತು ಮಾರು ಹೋಗಿ ನಿಂತಿತು.

ಅವನು ಇಳಿದು ನೋಡಿದ. ಚಕ್ರಗಳ ಒಳಗಿನಿಂದ ಹೊಗೆ ಬರುತ್ತಿತ್ತು. ಗಂಟೆ ಹನ್ನೆರಡಾಗಿತ್ತು. ಹಿಂದಿನ ಸೀಟಿನಿಂದ ನೀರಿನ ಕ್ಯಾನು ತೆಗೆದ. ಅಷ್ಟರಲ್ಲಿ ಕೆಳಗಿನಿಂದ ಹತ್ತಿ ಬರುತ್ತಿದ್ದ ಲಾರಿಯೊಂದು ನಿಂತಿತು. ಅದರ ಚಾಲಕ ದಸ್ತಗೀರ್ ಎಂಬ ನರೆಗಡ್ಡದವನು ಓಡಿಬಂದು ಅವನ ಮಣಿಕಟ್ಟು ಹಿಡಿದ.

"ನೀರು ಹುಯ್ಯಬೇಡಿ. ಚಕ್ರದೊಳಗಿನ ಬ್ರೇಕ್ ಡ್ರಮ್ಮು ಕಾದಿದೆ, ಸೀಳಿಹೋಗುತ್ತದೆ."

"ಬಿಡಯ್ಯಾ, ಅಲ್ಲಿ ಮಗಳಿಗೆ ಆಪರೇಷನ್!"

"ಹಾಗಾದರೆ ಅಲ್ಲಿಗೆ ತಲುಪಬೇಕಲ್ಲ" ಎಂದು ದಸ್ತಗೀರ್ ಕ್ಯಾನನ್ನು ಕಿತ್ತುಕೊಂಡ.

ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಬೆರಳು ಒದ್ದೆ ಮಾಡಿ ಒಂದೊಂದು ಚಕ್ರಕ್ಕೂ ಒಂದೊಂದು ಹನಿ ಚಿಮುಕಿಸಿದ. ನಾಲ್ಕೂ ಕಡೆ ಹನಿ ಚುಂಯ್ ಎಂದಿತು.

"ಒಂದೇ ಚಕ್ರ ಕಾದಿದ್ದರೆ ರೋಗ ಆ ಚಕ್ರದ್ದು. ನಾಲ್ಕೂ ಒಂದೇ ಸಮ ಕಾದಿವೆ. ರೋಗ ಚಕ್ರದಲ್ಲಿಲ್ಲ" ಎಂದ.

ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನದೊಂದನ್ನು ಜಾಕಿನ ಮೇಲೆ ಎತ್ತಿದ. ಇಬ್ಬರೂ ಸೇರಿ ತಿರುಗಿಸಿದರೂ ಚಕ್ರ ಅಲುಗಲಿಲ್ಲ. ದಸ್ತಗೀರ್ ಚಕ್ರದ ಹಿಂಬದಿಯಲ್ಲಿ ಎಣ್ಣೆ ಹೊರಬಿಡುವ ಸಣ್ಣ ತಿರುಪನ್ನು ಸಡಿಲಿಸಿದ. ಪೆಡಲನ್ನು ಯಾರೂ ತುಳಿದಿರಲಿಲ್ಲ. ಆದರೂ ಬಿಸಿ ಎಣ್ಣೆ ಪಿಚಕ್ಕನೆ ಚಿಮ್ಮಿತು. ಚಕ್ರ ಬಿಟ್ಟುಕೊಂಡು ತಿರುಗಿತು.

"ಎಣ್ಣೆ ಮುಂದಕ್ಕೆ ಹೋಗುತ್ತಿದೆ, ಹಿಂದಕ್ಕೆ ಬರುತ್ತಿಲ್ಲ. ಬಂದ ದಾರಿ ಮುಚ್ಚಿದೆ. ಬ್ರೇಕು ಉಜ್ಜಿದಷ್ಟೂ ಕಾವು, ಕಾವೇರಿದಷ್ಟೂ ಬಿಗಿ. ಕೊನೆಗೆ ಎಣ್ಣೆಯೇ ಕುದಿದುಹೋಗಿದೆ."

ಅವನು ಪೆಡಲಿನ ಕೆಳಗೆ ಮಲಗಿ ನೋಡಿದ. ಒಳಗಿನಿಂದಲೇ ಕೇಳಿದ:

"ಈ ಕಡ್ಡಿಯನ್ನು ಇಷ್ಟುದ್ದ ಮಾಡಿದ ಪುಣ್ಯಾತ್ಮ ಯಾರು?"

ಗುರುಮಲ್ಲಪ್ಪ ರಸ್ತೆ ನೋಡಿದ. ಶಿವಮ್ಮಣ್ಣಿ ಗಂಡನನ್ನು ನೋಡಿದಳು.

"ನಾನೇ" ಎಂದ ಅವನು. ಏಕೆಂದೂ ಹೇಳಿದ.

ದಸ್ತಗೀರ್ ಹೊರಗೆ ಬಂದು ನಟ್ಟು ತಿರುಗಿಸುವ ಪಾನಾವನ್ನು ಅವನ ಕೈಗೆ ಕೊಟ್ಟ. "ಹಾಗಾದರೆ ನೀವೇ ಸಡಿಲಿಸಿ. ನಾನು ಸಡಿಲಿಸಿದರೆ ನಾಳೆ ಮತ್ತೆ ಬಿಗಿ ಮಾಡುತ್ತೀರಿ."

ಗುರುಮಲ್ಲಪ್ಪ ಪೆಡಲಿನ ಕೆಳಗೆ ಮಲಗಿದ. ಪಾನಾ ನಟ್ಟಿಗೆ ಕೂತಿತು. ಕೈ ತಿರುಗಲಿಲ್ಲ. ಇನ್ನು ಹನ್ನೊಂದು ತಿರುವು ಇಳಿಯಬೇಕು, ಈ ಹೊತ್ತಿನಲ್ಲಿ ಬ್ರೇಕನ್ನು ಸಡಿಲ ಮಾಡುವುದೇ? ಹಣೆಯ ಬೆವರು ಕಣ್ಣಿಗಿಳಿಯಿತು.

ಶಿವಮ್ಮಣ್ಣಿ ಬಾಗಿಲ ಬಳಿ ಬಗ್ಗಿದಳು. "ಭಾವನವರು ನಿಮ್ಮನ್ನು ಒಂದು ದಿನವೂ ಬಯ್ಯಲಿಲ್ಲ. ನೀವು ಮೂರು ವರ್ಷದಿಂದ ನಿಮ್ಮನ್ನೇ ಬಯ್ದುಕೊಳ್ಳುತ್ತಿದ್ದೀರಿ. ಸಾಕು. ತಿರುಗಿಸಿ."

ಅವನು ತಿರುಗಿಸಿದ.

ಅರ್ಧ ಗಂಟೆ ಕಾದರು. ಡ್ರಮ್ಮುಗಳು ಆರಿದವು. ದಸ್ತಗೀರ್ ತನ್ನ ಲಾರಿಯಿಂದ ಹೊಸ ಎಣ್ಣೆ ತಂದ. ಶಿವಮ್ಮಣ್ಣಿ ಅವನು ಹೇಳಿದಂತೆ ಪೆಡಲನ್ನು ತುಳಿದು ಹಿಡಿದಳು, ಬಿಟ್ಟಳು, ತುಳಿದಳು. ಒಂದೊಂದು ಚಕ್ರದಿಂದಲೂ ಕುದಿದ ಎಣ್ಣೆಯ ಗುಳ್ಳೆಗಳು ಹೊರಗೆ ಹೋದವು. ಕೊನೆಗೆ ಪೆಡಲ್ ಒಂದು ಬೆರಳಿನಷ್ಟು ಇಳಿದು, ಆಮೇಲೆ ಗಟ್ಟಿಯಾಗಿ ನಿಂತಿತು.

"ಎರಡನೆಯ ಗೇರಿನಲ್ಲಿ ಇಳಿಸಿ. ಕಾರನ್ನು ಇಂಜಿನ್ನು ಹಿಡಿದುಕೊಳ್ಳುತ್ತದೆ" ಎಂದ ದಸ್ತಗೀರ್. "ತಿರುವಿಗೆ ಮುಂಚೆ ಬ್ರೇಕ್ ತುಳಿಯಿರಿ. ಆಮೇಲೆ ಕಾಲು ಪೂರ್ತಿ ತೆಗೆಯಿರಿ."

ಗುರುಮಲ್ಲಪ್ಪ ಹೊರಟ. ಕಾಲು ತಾನಾಗಿಯೇ ಪೆಡಲಿಗೆ ಹೋಗುತ್ತಿತ್ತು. ಅವನು ಅದನ್ನು ಎಳೆದು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದ. ಅದು ಮತ್ತೆ ಹೋಗುತ್ತಿತ್ತು. ಎರಡು ತಿರುವು ದಾಟಿತು. ಐದು ದಾಟಿತು. ಇಂಜಿನ್ನು ಗುಂಯ್‌ಗುಟ್ಟುತ್ತ ಕಾರನ್ನು ಹಿಡಿದೇ ಇತ್ತು.

ಹದಿನೇಳನೆಯ ತಿರುವಿನಲ್ಲಿ ಒಂದು ಬಸ್ಸು ಎತ್ತಿನ ಗಾಡಿಯನ್ನು ಹಿಂದೆ ಹಾಕಲು ಹೋಗಿ ಇಡೀ ರಸ್ತೆಗೆ ಅಡ್ಡ ಬಂತು. ಗುರುಮಲ್ಲಪ್ಪ ತುಳಿದ. ಪೆಡಲ್ ಇಳಿಯಿತು. ಆ ಒಂದು ಬೆರಳಿನಷ್ಟು ದೂರದಲ್ಲಿ ಅವನ ಜೀವ ಬಾಯಿಗೆ ಬಂತು. ಆಮೇಲೆ ಬ್ರೇಕ್ ಹಿಡಿಯಿತು. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದವು. ಕಾರು ಬಸ್ಸಿನ ಮುಂದೆ ಒಂದು ಮೊಳ ದೂರದಲ್ಲಿ ನಿಂತಿತು.

ಬಸ್ಸು ಹಿಂದಕ್ಕೆ ಸರಿದು ದಾರಿ ಕೊಟ್ಟಿತು. ಗುರುಮಲ್ಲಪ್ಪ ಪೆಡಲಿನಿಂದ ಕಾಲು ತೆಗೆದ. ಈ ಸಲ ಎಳೆದು ತೆಗೆಯಬೇಕಾಗಲಿಲ್ಲ.

ಆಸ್ಪತ್ರೆ ಸೇರಿದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಒಳಗೆ ಕರೆದೊಯ್ಯುವ ಮುಂಚೆ ಮಗಳು ತಾಯಿಯ ಕೈ ಹಿಡಿದಳು. ಮೂರು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಕ್ಷೇಮವಾಗಿದ್ದರು. ಗುರುಮಲ್ಲಪ್ಪ ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಹೋಗಿಬರುವವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತುಬಿಟ್ಟ.

ಕತೆ ಮುಗಿಯಿತು.

"ಹಾಗಾದರೆ ಮನಸ್ಸನ್ನು ಹಿಡಿಯುವುದೇ ಬೇಡವೇ, ಬುದ್ಧೀ?" ಎಂದು ಸಿದ್ಧವೀರ ಕೇಳಿದ.

ಗುರುಗಳು ಅವನ ಬಿಗಿದ ದವಡೆಯನ್ನು ನೋಡಿದರು.

"ಇವತ್ತು ಬೆಳಗಿನಿಂದ ಯಾವ ಬಸ್ಸೂ ನಿನಗೆ ಅಡ್ಡ ಬಂದಿಲ್ಲವಲ್ಲ ಮಗು, ಕಾಲನ್ನು ಯಾಕೆ ಪೆಡಲಿನ ಮೇಲೆ ಇಟ್ಟುಕೊಂಡು ಕುಳಿತಿದ್ದೀಯ?"