ಐವತ್ತೆಂಟು ತೊಲ ಇಂಗಲೀಕ

“ಮದರ್, ಪ್ರೀತಿಯ ಕೊರತೆಯನ್ನು ಶಿಸ್ತಿನಿಂದ ತುಂಬಬಹುದಲ್ಲವೆ?” ಎಂದು ಕಿರಿಯ ಸಿಸ್ಟರ್ ಲಿದ್ವಿನಾ ಕೇಳಿದಳು.

ಹಾಸ್ಟೆಲಿನ ಎಂಟು ವರ್ಷದ ಹುಡುಗಿಯೊಬ್ಬಳನ್ನು ಆಕೆಯ ವಶಕ್ಕೆ ಒಪ್ಪಿಸಲಾಗಿತ್ತು. ಆಮೇಲೆ ಆ ಹುಡುಗಿ ಮಾತು ನಿಲ್ಲಿಸಿ ಹತ್ತು ದಿನವಾಗಿತ್ತು.

“ಆ ಮಗುವನ್ನು ಕಂಡರೆ ನನ್ನಲ್ಲಿ ಒಂದಿಷ್ಟೂ ಒಲವು ಹುಟ್ಟುವುದಿಲ್ಲ. ಸುಳ್ಳು ಹೇಳಲಾರೆ. ಆದ್ದರಿಂದ ಉಳಿದವರಿಗೆ ಒಂದು ಪಾಲು ಶಿಸ್ತಾದರೆ ಅವಳಿಗೆ ಎರಡು ಪಾಲು. ಒಟ್ಟಿನಲ್ಲಿ ಸರಿಹೋಗುತ್ತದೆ.”

“ಸರಿಹೋಗುತ್ತದೆಯೆ? ಕುಳಿತುಕೋ,” ಎಂದರು ಮದರ್ ಗ್ರೆಗೋರಿಯಾ. ಸಿಟ್ಟು ಬಂದಾಗ ಅವರ ದನಿ ತಗ್ಗುತ್ತಿತ್ತು.

“ಒಬ್ಬ ಬಣ್ಣಗಾರನಿದ್ದ. ಪಾದರಸವನ್ನೂ ಗಂಧಕವನ್ನೂ ಕೂಡಿಸಿ ಇಂಗಲೀಕವೆಂಬ ಕೆಂಪು ಬಣ್ಣವನ್ನು ಮಾಡುತ್ತಿದ್ದ. ಇಪ್ಪತ್ತೈದು ತೊಲ ಪಾದರಸಕ್ಕೆ ನಾಲ್ಕು ತೊಲ ಗಂಧಕ. ಆ ಪ್ರಮಾಣವನ್ನು ಅವನು ಗೊತ್ತುಮಾಡಿದ್ದಲ್ಲ, ಅವನ ಗುರುವೂ ಅಲ್ಲ. ಆ ಎರಡು ವಸ್ತುಗಳು ಒಂದನ್ನೊಂದು ಹಿಡಿಯುವ ಬಗೆಯೇ ಅದು.

ಒಮ್ಮೆ ದೇಗುಲದ ಗೋಡೆಗೆ ಐವತ್ತೆಂಟು ತೊಲ ಬಣ್ಣ ಬೇಕಾಯಿತು. ಅದಕ್ಕೆ ಎಂಟು ತೊಲ ಗಂಧಕ ಬೇಕು, ಮನೆಯಲ್ಲಿದ್ದದ್ದು ನಾಲ್ಕು. ಪಾದರಸ ಮಾತ್ರ ಧಾರಾಳವಾಗಿತ್ತು. ಅವನು ನಾಲ್ಕು ತೊಲ ಗಂಧಕಕ್ಕೆ ಐವತ್ತನಾಲ್ಕು ತೊಲ ಪಾದರಸವನ್ನು ಸುರಿದ. ತಕ್ಕಡಿ ಐವತ್ತೆಂಟನ್ನು ತೋರಿಸಿತು. ಅವನಿಗೆ ಅಷ್ಟು ಸಾಕಾಯಿತು.

ಹೆಂಡತಿ ಅರೆಯಲು ಕುಳಿತಳು. ಬೆಂಕಿ ಕಂಡ ಮೇಲಷ್ಟೇ ಕೆಂಪಾಗುವ ಆ ಕಪ್ಪು ಪುಡಿಯ ನಡುವೆ ಪಾದರಸದ ಬಿಳಿ ಹನಿಗಳು ಉರುಳುತ್ತಲೇ ಇದ್ದವು.

‘ಇದು ಇನ್ನು ಹೀರುವುದಿಲ್ಲ, ರೀ. ಬಂದು ನೋಡಿ,’ ಎಂದಳು.

‘ನಿನ್ನ ನಾಲಿಗೆ ಅರೆಯುವಷ್ಟು ಕೈ ಅರೆದಿದ್ದರೆ ಎಂದೋ ಸೇರುತ್ತಿತ್ತು. ಕುಪ್ಪಿಗೆ ತುಂಬಿ ಒಲೆಗೇರಿಸು. ಬೆಂಕಿ ಸೇರಿಸುತ್ತದೆ.’

ಬೆಂಕಿ ಸೇರಿಸಲಿಲ್ಲ. ಮೂರನೆಯ ದಿನ ಕುಪ್ಪಿಯನ್ನು ಒಡೆದಾಗ ದೊರೆತ ಕೆಂಪು ಇಪ್ಪತ್ತೊಂಬತ್ತು ತೊಲ. ಗಂಧಕವು ತನ್ನ ಪಾಲಿನ ಇಪ್ಪತ್ತೈದು ತೊಲ ಪಾದರಸವನ್ನು ಹಿಡಿದು, ಮಿಕ್ಕುದನ್ನು ಮುಟ್ಟಿರಲಿಲ್ಲ. ಮಿಕ್ಕ ಇಪ್ಪತ್ತೊಂಬತ್ತು ತೊಲವನ್ನು ಬಣ್ಣಗಾರ ಬೂದಿಯಲ್ಲಿ ಹುಡುಕಿದ. ಅದು ಅಲ್ಲಿರಲಿಲ್ಲ. ಆವಿಯಾಗಿ ಎದ್ದು, ಮೂರು ದಿನ ಒಲೆಯ ಮುಂದೆ ಕುಳಿತು ತಿದಿಯೊತ್ತಿದವಳ ಉಸಿರನ್ನು ಸೇರಿತ್ತು. ಅವಳ ವಸಡಿನಿಂದ ರಕ್ತ ಸೋರಿತು. ಕೈಗಳು ನಡುಗತೊಡಗಿದವು, ಮತ್ತೆ ನಿಲ್ಲಲಿಲ್ಲ. ಅನ್ನದ ತುತ್ತು ಅವಳ ಬಾಯಿಯನ್ನು ತಲುಪುತ್ತಿರಲಿಲ್ಲ. ಅವನಾದರೋ ಬಂದವರಿಗೆಲ್ಲ ತಕ್ಕಡಿಯನ್ನು ತೋರಿಸಿ, ‘ನಾನು ಗುಂಜಿಯಷ್ಟೂ ಕಡಿಮೆ ಹಾಕಲಿಲ್ಲ’ ಎನ್ನುತ್ತಿದ್ದ.”

ಸಿಸ್ಟರ್ ಲಿದ್ವಿನಾ, “ಅವನಲ್ಲಿದ್ದ ಗಂಧಕವೇ ಅಷ್ಟಲ್ಲವೆ, ಮದರ್? ಅವನು ಏನು ಮಾಡಬೇಕಿತ್ತು?” ಎಂದಳು.

“ನಾಲ್ಕು ತೊಲ ಗಂಧಕ ಹಿಡಿಯುವಷ್ಟನ್ನೇ ಸುರಿಯಬೇಕಿತ್ತು; ಅಷ್ಟು ಒಲವೂ ಇಲ್ಲದ ನೀನು ಒಲೆಯನ್ನೇ ಹಚ್ಚಬಾರದಿತ್ತು.”