ಹೊಳೆ ತೆಗೆದುಕೊಂಡ ಕನಸು

ಮಾಚಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಎಚ್ಚರವಾದರೂ ಕೂಡಲೇ ಕಣ್ಣು ಬಿಡುತ್ತಿರಲಿಲ್ಲ. ಮೊದಲು ಚಾಪೆಯ ಸುತ್ತ ಕೈಯಾಡಿಸಿ, ಪಕ್ಕದಲ್ಲಿ ಏನೇನು ಬಂದು ಕೂತಿದೆ ಎಂದು ತಡವಿ ನೋಡುತ್ತಿದ್ದಳು. ಒಮ್ಮೆ ಹಾಗೆ ನೋಡದೆ ಎದ್ದು ಮುಳ್ಳುಹಂದಿಯ ಮೇಲೆ ಕಾಲಿಟ್ಟಿದ್ದಳು.

ಅದು ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಗಟ್ಟಿಯಾಗಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ. ಕನಸಿಗೂ ಹಗಲಿಗೂ ನಡುವೆ ಗೋಡೆಯೂ ಇರಲಿಲ್ಲ. ರಾತ್ರಿ ಕಂಡದ್ದು ಬಿಸಿಲು ಬೀಳುವ ಹೊತ್ತಿಗೆ ನಿಜವಾಗಿ ಬಂದು ನಿಲ್ಲುತ್ತಿತ್ತು. ಹಲಸಿನಹಣ್ಣು ಕಂಡರೆ ಹಲಸಿನಹಣ್ಣು. ಆನೆ ಕಂಡರೆ ಆನೆ. ಕನಸಿಗೆ ಅರ್ಥವೇನು ಎಂದು ಯಾರೂ ಕೇಳುತ್ತಿರಲಿಲ್ಲ. ಎದುರಿಗೇ ಬಂದು ನಿಂತದ್ದಕ್ಕೆ ಅರ್ಥ ಕೇಳುವುದೇನು?

“ಮಾಚೀ, ನನ್ನ ಗಂಡ ಕಂಡ ಎಮ್ಮೆ ನಿಮ್ಮ ಹಿತ್ತಿಲಿಗೆ ಬಂತೇನೇ?” ಎಂದು ಪಕ್ಕದ ಮನೆಯ ದ್ಯಾವಿ ಕೂಗುವಳು.

“ಬಂತು, ಬದನೆಗಿಡ ಅಷ್ಟೂ ಮೇಯ್ತು. ಇವತ್ತು ರಾತ್ರಿ ಒಂದು ಹಗ್ಗಾನೂ ಕನಸಲ್ಲಿ ಕಾಣೋಕೆ ಹೇಳು ಅವನಿಗೆ!”

ಕನಸಿನಿಂದ ಬಂದದ್ದು ಸಂಜೆಗೆ ಹೊರಟುಹೋಗುತ್ತಿತ್ತು. ಆದರೆ ಎಮ್ಮೆ ಹೋದರೂ ಅದು ಮೇಯ್ದ ಬದನೆಗಿಡ ಮತ್ತೆ ಬರುತ್ತಿರಲಿಲ್ಲ. ಆದದ್ದು ಆಗಿಯೇ ಹೋಗುತ್ತಿತ್ತು.

ಮಾಚಿಯ ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಆದರೆ ಮಾಚಿ ದಿನಾ ರಾತ್ರಿ ಅವಳನ್ನು ಕಾಣುತ್ತಿದ್ದಳು. ಹಾಗಾಗಿ ದಿನಾ ಬೆಳಿಗ್ಗೆ ಅವ್ವ ಬರುತ್ತಿದ್ದಳು. ಜಗುಲಿಯಲ್ಲಿ ಕೂತು ಮಗಳ ತಲೆ ಬಾಚುವಳು, ಬಾಚುತ್ತಾ ಬೈಯುವಳು. “ಇದೇನು ಕೂದಲೋ ತೆಂಗಿನ ನಾರೋ?” ಆ ಬೈಗುಳ ಕೇಳಿದರೆ ಮಾಚಿಗೆ ಹೊಟ್ಟೆ ತುಂಬಿದಷ್ಟು ಹಿತ.

ಒಂದು ರಾತ್ರಿ ಮಾಚಿಗೆ ಕೆಟ್ಟ ಕನಸು ಬಿತ್ತು. ಹೊಳೆ ಉಬ್ಬಿ ನಿಂತಿದೆ. ದಡದಲ್ಲಿ ಅವ್ವ ಕೂತಿದ್ದಾಳೆ. ಮಾಚಿಯ ಪುಟ್ಟ ಮಗಳು ಸಂಪಿ ನಗುತ್ತಾ ನೀರಿಗಿಳಿಯುತ್ತಿದ್ದಾಳೆ. ನೀರು ಸಂಪಿಯ ತಲೆಯ ಮೇಲೆ ಮುಚ್ಚಿಕೊಂಡಿತು.

ಮಾಚಿ ದಡಕ್ಕನೆ ಎದ್ದಳು. ಸಂಪಿಯ ಚಾಪೆ ಖಾಲಿ. ಆಕಾಶ ಬೆಳ್ಳಗಾಗುತ್ತಿತ್ತು, ಸೂರ್ಯ ಇನ್ನೂ ಬಂದಿರಲಿಲ್ಲ. ಅವಳು ಓಡಿದಳು.

ಹೊಳೆ ಉಬ್ಬಿ ನಿಂತಿತ್ತು. ದಡದಲ್ಲಿ ಅವ್ವ ಕೂತಿದ್ದಳು. ಸಂಪಿ ಪಾದ ಮುಳುಗುವಷ್ಟು ನೀರಿನಲ್ಲಿ ನಿದ್ದೆಗಣ್ಣಲ್ಲೇ ನಗುತ್ತಾ ನಿಂತಿದ್ದಳು. ಮಾಚಿ ತೋಳು ಹಿಡಿದು ಎಳೆದಳು. ಬಂಡೆಯನ್ನು ಎಳೆದ ಹಾಗಾಯಿತು.

“ಹೊಳೆತಾಯಿ, ನನ್ನ ಮಗೂನ ಬಿಡು!”

“ನಾನೆಲ್ಲಿ ಹಿಡಿದಿದ್ದೀನಿ? ಹಿಡಿದಿರೋದು ನಿನ್ನ ಕನಸು,” ಎಂದಿತು ಹೊಳೆ. “ಬಿಸಿಲು ಬೀಳೋದ್ರೊಳಗೆ ಅದನ್ನ ನನಗೆ ಹೇಳಿಬಿಡು. ನನಗೆ ಹೇಳಿದ್ದು ನನ್ನ ಜೊತೆ ಹರಿದುಹೋಗುತ್ತೆ. ಆದ್ರೆ ನೋಡು, ಕನಸು ನಿಮ್ಮ ಹಗಲಿಗೆ ಬರೋ ದಾರೀನೂ ಅದರ ಜೊತೆಗೇ ಹೋಗುತ್ತೆ.”

ಮಾಚಿ ಗಡಬಡಿಸಿ ಹೇಳಿದಳು. ಹೊಳೆ ಉಬ್ಬಿದ್ದು ಹೇಳಿದಳು, ಸಂಪಿ ಇಳಿದದ್ದು ಹೇಳಿದಳು, ನೀರು ಮುಚ್ಚಿದ್ದು ಹೇಳಿದಳು. ಅವ್ವನ ಮಾತು ಮಾತ್ರ ಎತ್ತಲಿಲ್ಲ.

ನೀರು ಸಂಪಿಯ ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

“ಅರ್ಧ ಕನಸು ನಾನು ತಗೊಳ್ಳೋದಿಲ್ಲ,” ಎಂದಿತು ಹೊಳೆ. “ಪೂರ್ತಿ ಹೇಳು.”

ಮಾಚಿ ಅವ್ವನ ಕಡೆ ತಿರುಗಿದಳು.

“ನನ್ನ ಮುಖ ಏನು ನೋಡ್ತಾ ನಿಂತಿದ್ದೀಯೇ?” ಎಂದಳು ಅವ್ವ. “ಹೇಳು. ಮಗೂಗೆ ಚಳಿ ಆಗ್ತಿದೆ.”

“ದಡದಲ್ಲಿ… ನಮ್ಮವ್ವ ಕೂತಿದ್ದಳು,” ಎಂದಳು ಮಾಚಿ.

ಗಾಳಿ ನಿಂತಿತು. ಹಕ್ಕಿಗಳು ಸುಮ್ಮನಾದವು. ಒಂದೊಂದು ಮನೆಯಿಂದ, ಒಂದೊಂದು ಗೂಡಿನಿಂದ, ಹುತ್ತದಿಂದ, ಪೊಟರೆಯಿಂದ ಕನಸುಗಳು ಎದ್ದು ಬಂದವು. ಆನೆಗಳು ಬೆಳ್ಳಗೆ ಬಂದವು. ಎಮ್ಮೆಗಳೂ ಬೆಳ್ಳಗೆ ಬಂದವು. ಮರಗಳು ಕಂಡ ಕನಸು, ಮೀನುಗಳು ಕಂಡ ಕನಸು, ಯಾರಿಗೂ ಗೊತ್ತೇ ಇಲ್ಲದ ಎಷ್ಟೋ ಕನಸು, ಸದ್ದಿಲ್ಲದೆ ಹೊಳೆಯ ಮೇಲೆ ಇಳಿದವು. ಇಷ್ಟೆಲ್ಲ ನಮ್ಮ ನಡುವೆಯೇ ಇತ್ತೇ ಎಂದು ಮಾಚಿ ಉಸಿರು ಬಿಡುವುದನ್ನೂ ಮರೆತು ನೋಡಿದಳು. ಅವ್ವನೂ ಎದ್ದಳು. ಸೀರೆ ಝಾಡಿಸಿಕೊಂಡು ನೀರಿನ ಮೇಲೆ ನಡೆದಳು, ಅರಳೆಯ ಹಾಗೆ ಬೆಳ್ಳಗಾದಳು.

ಸಂಪಿ ಸೀನಿದಳು. ಮಾಚಿ ಅವಳನ್ನು ಬಾಚಿ ಎತ್ತಿಕೊಂಡಳು. ಅಷ್ಟರಲ್ಲಿ ಬಿಸಿಲು ಬಿತ್ತು, ಬಿಳಿಯೆಲ್ಲ ಕರಗಿತು.

ಅಂದಿನಿಂದ ಕನಸು ಹಗಲಿನೊಳಗೆ ಬರುವುದಿಲ್ಲ. ಬಾರದ್ದಕ್ಕೇ ನಾವು “ಹಾವು ಕಂಡೆ, ಏನರ್ಥ?” ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ, ಕೆಟ್ಟ ಕನಸು ಬಿದ್ದರೆ ಹರಿಯುವ ನೀರಿಗೆ ಹೇಳಿ ಬರುತ್ತೇವೆ. ರಾತ್ರಿ ಲೋಕವೆಲ್ಲ ಕಂಡ ಕನಸು ಬೆಳಗಿನ ಜಾವ ಹೊಳೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಬಿಸಿಲು ಬಿದ್ದೊಡನೆ ಹೊರಟುಹೋಗುತ್ತದೆ. ಇವತ್ತಿಗೂ ನೀವು ಅಲ್ಲಿ ಕಾಣುವ ಬಿಳಿ ಮಂಜು ಅದೇ.

ಮಾರನೆಯ ದಿನ ಎಲ್ಲರಿಗಿಂತ ಮೊದಲು ಅದನ್ನು ಕಂಡವಳು ಮಾಚಿ. ಸಂಪಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ದಡದಲ್ಲಿ ನಿಂತಿದ್ದಳು. ನಡುಹೊಳೆಯ ಮಂಜಿನಲ್ಲಿ ಯಾರೋ ಬೆನ್ನು ಬಾಗಿಸಿ ಆಚೆಗೆ ನಡೆಯುತ್ತಿದ್ದ ಹಾಗಿತ್ತು.

“ಅವ್ವಾ,” ಎಂದಳು ಮಾಚಿ, ಮೆಲ್ಲಗೆ. “ಒಂದೇ ಒಂದು ಸಲ ಈ ಕಡೆ ತಿರುಗವ್ವಾ.”