ಬಾಣಂತಿಯ ಸುದ್ದಿ ತಂದವಳು

“ಗುರುಗಳೇ, ಒಬ್ಬನ ಮನಸ್ಸು ಕೆಟ್ಟಿದೆ ಎಂದು ಗುರುತಿಸುವುದು ಹೇಗೆ?”

ಕೇಳಿದವನು ಮರಿದೇವ. ಮಠದಲ್ಲಿ ವೈದ್ಯ ಕಲಿಯುತ್ತಿದ್ದ ಶಿಷ್ಯರಲ್ಲಿ ಅವನೇ ಹಿರಿಯ. ಗುರುಗಳು ಶುಂಠಿ ಕುಟ್ಟುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಯಾರ ಮನಸ್ಸು?”

“ಯಾರದೂ ಅಲ್ಲ. ತಿಳಿದುಕೊಳ್ಳಲು ಕೇಳಿದೆ.”

“ಆಹಾ! ಬೆಳಗಾಗೆದ್ದು ಬರಿದೇ ತಿಳಿದುಕೊಳ್ಳಲು ಕೇಳುವ ಶಿಷ್ಯ ನನಗೆ ಯಾವಾಗ ಸಿಕ್ಕಿದನಪ್ಪಾ? ಹೆಸರು ಹೇಳು.”

ಮರಿದೇವ ತಲೆ ತಗ್ಗಿಸಿದ. “ಕೊಟ್ರಯ್ಯ.”

ಕೊಟ್ರಯ್ಯ ಅವನಿಗಿಂತ ಚಿಕ್ಕವನು, ಅವನ ನಂತರ ಮಠಕ್ಕೆ ಬಂದವನು. ಗುರುಗಳು ರೋಗಿಗಳನ್ನು ನೋಡುವಾಗ ಈಚೆಗೆ ಅವನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆ ಜಾಗ ಅಲ್ಲಿಯವರೆಗೆ ಮರಿದೇವನದಾಗಿತ್ತು.

“ಅವನು ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ,” ಎಂದ ಮರಿದೇವ. “ತನ್ನಷ್ಟಕ್ಕೆ ತಾನೇ ಏನೋ ಗೊಣಗುತ್ತಾನೆ. ಕರೆದರೆ ಬೆಚ್ಚಿ ಬೀಳುತ್ತಾನೆ. ಅಂಥವನು ರೋಗಿಯ ನಾಡಿ ಹಿಡಿಯಬಹುದೇ? ಊರಿಗೆ ಕಳಿಸಿಬಿಟ್ಟರೆ ಒಳ್ಳೆಯದಲ್ಲವೇ? ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.”

“ಇದರಲ್ಲಿ ಸುಳ್ಳೇನಾದರೂ ಇದೆಯೇ?”

“ಒಂದಕ್ಷರವೂ ಇಲ್ಲ, ಗುರುಗಳೇ.”

“ಅದೇ ನನಗೆ ಭಯ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕ. ಅವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಯ ಸೊಸೆ ಆ ಮನೆಗೆ ಬಂದು ಬಹಳ ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಆದರೂ ಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು. ಅವಳನ್ನು ಕೇಳದೆ ಅತ್ತೆ ಒಲೆಯ ಮೇಲೆ ಎಸರು ಇಡುತ್ತಿರಲಿಲ್ಲ. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿತ್ತು. ಮಕ್ಕಳಿಲ್ಲದ ಕೊರಗನ್ನು ಅವಳು ಆ ಬೀಗದ ಕೈಯಿಂದಲೇ ಹೇಗೋ ಮರೆಯುತ್ತಿದ್ದಳು.

ಆಮೇಲೆ ಕಿರಿಯವಳು ಬಂದಳು. ಬಂದ ವರ್ಷವೇ ಬಸಿರಾದಳು. ಗಂಡು ಹೆತ್ತಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಬಾಣಂತನ ಮಾಡುವ ಕೆಲಸ ಹಿರಿಯವಳ ಪಾಲಿಗೆ ಬಂತು.

ಸ್ವಲ್ಪ ಯೋಚನೆ ಮಾಡಿ ನೋಡು. ತನಗಾಗಿ ಯಾರೂ ಎಂದೂ ಕಟ್ಟದ ಅಂಟಿನುಂಡೆಯನ್ನು ಅವಳು ಇನ್ನೊಬ್ಬಳಿಗಾಗಿ ಕಟ್ಟಬೇಕು. ಕೊಬ್ಬರಿ ತುರಿಯಬೇಕು, ಅಂಟು ಹುರಿಯಬೇಕು, ತುಪ್ಪ ಸುರಿಯಬೇಕು. ಆ ಘಮ ಮನೆಯೆಲ್ಲ ತುಂಬಿಕೊಳ್ಳಬೇಕು. ಅವಳ ಹೊಟ್ಟೆ ಉರಿಯಿತು. ಉರಿಯದೆ ಇನ್ನೇನಾಗುತ್ತದೆ? ಅವಳೇನು ಕಲ್ಲೇ? ಬಂದವರೆದುರಿಗೆಲ್ಲ ಅತ್ತೆ ಕಿರಿಯವಳನ್ನು “ನನ್ನ ಮೊಮ್ಮಗನ ತಾಯಿ” ಎಂದು ಕರೆಯುವಳು. ಅದು ಕಿವಿಗೆ ಬಿದ್ದರೆ ಹಿರಿಯವಳು ಉಗ್ರಾಣದೊಳಗೆ ಹೋಗಿ, ತೆಗೆದುಕೊಳ್ಳುವುದೇನೂ ಇಲ್ಲದಿದ್ದರೂ ಅಲ್ಲೇ ನಿಂತಿರುವಳು. ತೊಟ್ಟಿಲು ತೂಗುವಾಗಲೂ ಅಷ್ಟೇ. ಈ ಕೂಸು ನನಗೇಕೆ ಹುಟ್ಟಲಿಲ್ಲ, ಅವಳಲ್ಲಿ ಇರುವುದೇನು, ನನ್ನಲ್ಲಿ ಇಲ್ಲದ್ದೇನು, ಎಂದು ಅದನ್ನೇ ಅರೆಯುವಳು.

ಇತ್ತ ಬಾಣಂತಿಗೆ ಏನೋ ಆಯಿತು. ಅನ್ನ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದಳು. ಮಗುವನ್ನು ಕೊಟ್ಟರೆ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ದಿನ ಹಿರಿಯವಳ ಸೆರಗು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಅಕ್ಕಾ, ನನಗೆ ಏನೋ ಆಗಿದೆ. ಕೂಸನ್ನು ಮುಟ್ಟಲು ಹೆದರಿಕೆ. ನನ್ನ ಕೈಯಿಂದ ಅದಕ್ಕೆ ಏನಾದರೂ ಆಗಿಬಿಟ್ಟರೆ? ಬೇಡ ಬೇಡವೆಂದರೂ ಅದೇ ಯೋಚನೆ ಬರುತ್ತದೆ. ಯಾರಿಗಾದರೂ ಹೇಳಿ ನನ್ನನ್ನು ಉಳಿಸಕ್ಕಾ.”

ಮನೆಯವರು ವೈದ್ಯನನ್ನು ಕರೆಸಿದರು.

ಆ ಸೀಮೆಯಲ್ಲಿ ಬಾಣಂತಿಯ ಕೋಣೆಗೆ ಪರಗಂಡಸು ಕಾಲಿಡುವಂತಿರಲಿಲ್ಲ. ವೈದ್ಯನಾದರೂ ಅಷ್ಟೇ. ಅವನು ಜಗಲಿಯ ಮೇಲೆ ಕೂರುತ್ತಿದ್ದ. ಬಾಣಂತನ ಮಾಡುವ ಹೆಂಗಸು ಹೊಸ್ತಿಲ ಬಳಿ ನಿಲ್ಲುತ್ತಿದ್ದಳು. ಇವನು ಕೇಳಿದ್ದಕ್ಕೆ ಅವಳು ಒಳಗೆ ಹೋಗಿ ನೋಡಿ ಬಂದು ಉತ್ತರ ಹೇಳಬೇಕು. ಅವಳ ಅಂಗೈಗೆ ಎಷ್ಟು ಬಿಸಿ ಹತ್ತಿತೋ ಅಷ್ಟು ಜ್ವರ. ಅವಳು ಕಂಡಷ್ಟು ನೋವು. ನಗಬೇಡ. ನಿನ್ನ ಮುತ್ತಜ್ಜಿಗೂ ಹೀಗೆಯೇ ಮದ್ದು ಕೊಟ್ಟಿರುತ್ತಾರೆ. ಅಜೀರ್ಣಕ್ಕೆ, ನಂಜಿಗೆ, ಮೈಕೈ ನೋವಿಗೆ ಆ ಪದ್ಧತಿ ಹೇಗೋ ನಡೆದುಕೊಂಡು ಬಂದಿತ್ತು.

“ಮಗುವನ್ನು ಎತ್ತಿಕೊಳ್ಳುತ್ತಾಳೆಯೇ?” ಎಂದು ಕೇಳಿದ ವೈದ್ಯ.

“ಇಲ್ಲ. ಕೊಟ್ಟರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ,” ಎಂದಳು ಹಿರಿಯವಳು.

“ಏನಾದರೂ ಮಾತಾಡುತ್ತಾಳೆಯೇ?”

“ತನ್ನ ಕೈಯಿಂದ ಕೂಸಿಗೆ ಏನಾದರೂ ಆಗುತ್ತದೆ ಅನ್ನುತ್ತಾಳೆ. ಸದಾ ಅದೇ ಯೋಚನೆಯಂತೆ.”

ಎಲ್ಲಿದೆ ಸುಳ್ಳು? ಹುಡುಕು ನೋಡೋಣ. ಹೆದರಿಕೆ ಎಂಬ ಒಂದು ಮಾತನ್ನು ಮಾತ್ರ ಅವಳು ಕೋಣೆಯಲ್ಲೇ ಬಿಟ್ಟು ಬಂದಿದ್ದಳು. ಅತ್ತದ್ದನ್ನು ಹೇಳಲಿಲ್ಲ. ಉಳಿಸಕ್ಕಾ ಎಂದದ್ದನ್ನು ಹೇಳಲಿಲ್ಲ. ಬೇಕೆಂದೇ ಬಿಟ್ಟಳೋ ಎಂದರೆ ಅದು ಅವಳಿಗೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಸುಳ್ಳು ಹೇಳಿಸುತ್ತದೆ ಎಂದು ಜನ ತಿಳಿದಿದ್ದಾರೆ. ದಡ್ಡರು! ಅದಕ್ಕೆ ಅಷ್ಟು ಶ್ರಮ ಯಾಕೆ? ನಿಜದಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಟ್ಟರೆ ಅದರ ಕೆಲಸ ಮುಗಿಯಿತು.

ವೈದ್ಯ ಓದಿದವನು, ಕೆಟ್ಟವನಲ್ಲ. ಕೇಳಿದ್ದನ್ನು ಗ್ರಂಥದೊಡನೆ ಹೋಲಿಸಿ ನೋಡಿದ. ಹೊಂದಿಕೆಯಾಯಿತು. “ಇದು ಉನ್ಮಾದ. ಕೂಸಿನ ಜೀವಕ್ಕೆ ಅಪಾಯ. ಅದನ್ನು ಅವಳ ಹತ್ತಿರ ಬಿಡಬೇಡಿ. ಕೋಣೆಗೆ ಹೊರಗಿನಿಂದ ಚಿಲಕ ಹಾಕಿ,” ಎಂದ.

ಅತ್ತೆ ಕೂಸನ್ನು ತಂದು ಹಿರಿಯವಳ ಮಡಿಲಿಗೆ ಹಾಕಿದಳು. “ಇನ್ನು ಇದಕ್ಕೆ ನೀನೇ ತಾಯಿ,” ಎಂದಳು.

ಅವಳ ಸಂತೋಷ ಹೇಳತೀರದು. ಒಳಲೆಯಲ್ಲಿ ಹಾಲು ಕುಡಿಸಿದಳು. ಎಣ್ಣೆ ಹಚ್ಚಿ ಎರೆದಳು. ದೃಷ್ಟಿ ತೆಗೆದಳು. ಹೊಟ್ಟೆ ತಣ್ಣಗಾಗಬೇಕಾಗಿತ್ತು, ಅಲ್ಲವೇ? ಆಗಲಿಲ್ಲ. ಗೋಡೆಯಾಚೆ ಹೆತ್ತವಳು ಇದ್ದಳಲ್ಲ! ಕೂಸು ಅತ್ತಾಗಲೆಲ್ಲ ಅವಳು ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ಕೂಸು ಆ ಸದ್ದಿನ ಕಡೆಗೆ ತಲೆ ತಿರುಗಿಸಿತೋ, ಇವಳ ಎದೆ ಧಸಕ್ಕೆನ್ನುತ್ತಿತ್ತು. ಮೊದಲು ತನಗಿಲ್ಲವೆಂದು ಉರಿದವಳು, ಈಗ ಸಿಕ್ಕಿದ್ದು ಎಲ್ಲಿ ಹೋಗಿಬಿಡುತ್ತದೋ ಎಂದು ಉರಿದಳು. ಊಟ ಸೇರಲಿಲ್ಲ. ನಿದ್ದೆ ಹತ್ತಲಿಲ್ಲ. ಕೂಸನ್ನು ಅತ್ತೆ ಎತ್ತಿಕೊಂಡರೂ ಬೆನ್ನ ಹಿಂದೆಯೇ ನಿಂತಿರುವಳು. ಗಂಡ ಮಾತಾಡಿಸಿದರೆ ಸಿಡಿದು ಬೀಳುವಳು. ಕಣ್ಣು ಗುಳಿಬಿದ್ದವು.

ವೈದ್ಯ ದಿನವೂ ಬರುತ್ತಿದ್ದ. ಅವಳು ದಿನವೂ ಹೊಸ್ತಿಲ ಬಳಿ ನಿಲ್ಲುತ್ತಿದ್ದಳು.

“ಬಾಗಿಲು ಬಡಿಯುತ್ತಾಳೆ. ಕಿರುಚುತ್ತಾಳೆ,” ಎನ್ನುತ್ತಿದ್ದಳು. ಅದೂ ನಿಜವೇ. ಕೂಸು ಅತ್ತಾಗ ಮಾತ್ರ ಎನ್ನುವುದು ಅವಳ ಬಾಯಿಗೆ ಬರಲಿಲ್ಲ.

ವೈದ್ಯ ಕೊಟ್ಟ ಮದ್ದು ನಾಟಲಿಲ್ಲ. ಕಾಯಿಲೆಯೇ ಬೇರೆಯಾದರೆ ಮದ್ದು ಎಲ್ಲಿಂದ ನಾಟೀತು? ಕೊನೆಗೆ ಅವನು ಕೈಚೆಲ್ಲಿದ. ಹುಚ್ಚು ಹಿಡಿದವರನ್ನು ಕಂಬಕ್ಕೆ ಕಟ್ಟಿ ಇಡುವ ಒಂದು ಗುಡಿ ದೂರದಲ್ಲಿತ್ತು. ಅಲ್ಲಿಗೆ ಹೋದವರು ತಿರುಗಿ ಮನೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಿರಿಯವಳನ್ನು ಅಲ್ಲಿಗೆ ಕಳಿಸುವುದೆಂದು ಮನೆಯವರು ತೀರ್ಮಾನಿಸಿದರು.

ಬೆಳಿಗ್ಗೆ ಬಂಡಿ ಬಂದು ಬಾಗಿಲಲ್ಲಿ ನಿಂತಿತು. ಅವಳ ಗಂಡ ಎತ್ತಿನ ಕೊರಳು ಸವರುತ್ತ ನಿಂತಿದ್ದ. ಅಂಥ ಹೊತ್ತಿನಲ್ಲಿ ಗಂಡಸರಿಗೆ ಎತ್ತುಗಳ ಮೇಲೆ ಬಹಳ ಪ್ರೀತಿ ಬಂದುಬಿಡುತ್ತದೆ. ಅತ್ತೆ ಚಿಲಕ ತೆಗೆದು ಸೊಸೆಯನ್ನು ಕೈಹಿಡಿದು ಹೊರಗೆ ಕರೆತಂದಳು. ಜಗಲಿಯಲ್ಲಿ ವೈದ್ಯ ಕೂತಿದ್ದ. ಹಿರಿಯವಳು ಕೂಸನ್ನು ಎದೆಗೆ ಅವಚಿಕೊಂಡು ಕಂಬದ ಪಕ್ಕದಲ್ಲಿ ನಿಂತಿದ್ದಳು. ಕಿರಿಯವಳು ಅವಳ ಎದುರಿಗೆ ಬಂದು ನಿಂತಾಗ ಎಲ್ಲರೂ ಗಾಬರಿಯಾದರು. ಆದರೆ ಅವಳು ಕೈ ಚಾಚಲಿಲ್ಲ.

“ಅಕ್ಕಾ, ಕೂಸು ಮಲಗಿದಾಗ ನಡುನಡುವೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿರು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ನನಗೆ ಸದಾ ಭಯ. ನೀನಿದ್ದೀಯಲ್ಲ, ಅಷ್ಟು ಸಾಕು,” ಎಂದಳು.

ವೈದ್ಯ ಅವಳ ದನಿ ಕೇಳಿದ್ದು ಅದೇ ಮೊದಲು. ಅವನು ಎದ್ದು ನಿಂತ.

“ತಾಯೀ, ಕೂಸನ್ನು ಮುಟ್ಟಲು ನಿನಗೆ ಹೆದರಿಕೆಯೇ?”

“ಹೆದರಿಕೆ ಸ್ವಾಮಿ. ಮೊದಲೇ ಅಕ್ಕನ ಹತ್ತಿರ ಹೇಳಿ ಅತ್ತಿದ್ದೆನಲ್ಲ.”

ದೂರು ಹೇಳಬೇಕೆಂದು ಅವಳು ಹಾಗೆ ಅಂದದ್ದಲ್ಲ. ಆದರೆ ಎಲ್ಲರ ಕಣ್ಣೂ ಹಿರಿಯವಳ ಕಡೆ ತಿರುಗಿದವು. ಕೂಸಿಗೆ ಕೇಡು ಬಯಸುವವಳಿಗೂ ಕೇಡಾದೀತೆಂದು ನಡುಗುವವಳಿಗೂ ಇರುವ ವ್ಯತ್ಯಾಸ ವೈದ್ಯನಿಗೆ ಗೊತ್ತಿಲ್ಲದ್ದೇನಲ್ಲ. ಹೆದರಿಕೆ ಎಂಬ ಆ ಮಾತು ಅವನಿಗೆ ಮುಟ್ಟಿರಲಿಲ್ಲ, ಅಷ್ಟೇ. “ನಾನು ತಿಳಿದುಕೊಂಡದ್ದು ತಪ್ಪು,” ಎಂದ. “ಇವಳಿಗೆ ಕಾಯಿಲೆ ಇರುವುದು ನಿಜ. ಆದರೆ ಅದು ಬೇರೆ ಕಾಯಿಲೆ, ವಾಸಿಯಾಗುವಂಥದ್ದು. ಚಿಲಕ ಕಿತ್ತುಹಾಕಿ. ಕೂಸು ಇವಳ ಹತ್ತಿರವೇ ಇರಲಿ, ಜೊತೆಗೆ ಸದಾ ಒಬ್ಬರು ಕೂತಿರಲಿ.”

ಆಮೇಲೆ ಅವನು ಅವಳ ಎದುರು ಕೂತು, ಅವಳ ಬಾಯಿಂದಲೇ ಎಲ್ಲ ಕೇಳಿ ಮದ್ದು ಕೊಟ್ಟ. ಕೂಸು ಅಂಬೆಗಾಲಿಡುವ ಹೊತ್ತಿಗೆ ಅವಳು ಎದ್ದು ಓಡಾಡಿಕೊಂಡಿದ್ದಳು. ಆ ಮಾತು ಹಾಗಿರಲಿ. ಆ ದಿನ ಜಗಲಿಯಲ್ಲಿ ನಡೆದದ್ದು ಇನ್ನೂ ಮುಗಿದಿಲ್ಲ.

“ಕೂಸನ್ನು ಕೊಡು,” ಎಂದಳು ಅತ್ತೆ.

ಹಿರಿಯವಳು ಕೊಡಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತಳು. “ನನ್ನದು, ನನ್ನದು” ಎಂದಳು. ಮೂರು ಜನ ಸೇರಿ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು. “ಮನೆಹಾಳಿ! ನಿನ್ನ ಹೊಟ್ಟೆಕಿಚ್ಚಿಗೆ ನನ್ನ ವಂಶವನ್ನೇ ಸುಡುತ್ತಿದ್ದೆಯಲ್ಲೇ!” ಎಂದು ಅತ್ತೆ ಅವಳ ಸೊಂಟದಿಂದ ಬೀಗದ ಕೈ ಕಿತ್ತುಕೊಂಡಳು. ಬಂಡಿ ಹೇಗೂ ಬಾಗಿಲಲ್ಲಿ ನಿಂತಿತ್ತು. ಅವಳನ್ನೇ ಹತ್ತಿಸಿ ತವರಿಗೆ ಅಟ್ಟಿದರು. ಬೇಡ, ಅಕ್ಕನನ್ನು ಕಳಿಸಬೇಡಿ ಎಂದು ಅತ್ತವಳು ಕಿರಿಯವಳೊಬ್ಬಳೇ. ಇನ್ನೂ ಕಾಯಿಲೆಯವಳ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತವರಿನಲ್ಲಿ ಅವಳು ಹಳೆಯ ಸೀರೆಯೊಂದನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳಂತೆ. ಯಾರು ಹತ್ತಿರ ಬಂದರೂ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳಂತೆ. ಅಲ್ಲಿಗೆ ಯಾವ ವೈದ್ಯನನ್ನೂ ಯಾರೂ ಕರೆಸಲಿಲ್ಲ. ಮುಂದಿನ ಮಳೆಗಾಲವನ್ನು ಅವಳು ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಕುಟ್ಟಿದ ಶುಂಠಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ತಕ್ಕ ಶಾಸ್ತಿಯಾಯಿತು, ಗುರುಗಳೇ,” ಎಂದ ಮರಿದೇವ. ಹೇಳುವಾಗ ಅವನ ದನಿ ಸ್ವಲ್ಪ ಹೆಚ್ಚೇ ಗಟ್ಟಿಯಾಗಿತ್ತು. “ಅಷ್ಟು ಹೊಟ್ಟೆಕಿಚ್ಚು ಯಾರಿಗೂ ಇರಬಾರದು.”

ಗುರುಗಳಿಗೆ ಸಿಟ್ಟು ಬಂತು. “ಶಾಸ್ತಿ ಮಾಡಲು ವೈದ್ಯ ಯಾಕೆ ಬೇಕಯ್ಯಾ? ಅದಕ್ಕೆ ಅತ್ತೆ ಸಾಲದೇ? ಉಣ್ಣದೆ, ಮಲಗದೆ, ಒಳಗೊಳಗೇ ಬೇಯುತ್ತಿದ್ದ ಒಬ್ಬಳು ದಿನವೂ ಅವನ ಕಣ್ಣೆದುರಿಗೇ ಬಂದು ನಿಲ್ಲುತ್ತಿದ್ದಳು. ಒಳಗಿರುವವಳು ಹೇಗಿದ್ದಾಳೆ ಎಂದು ದಿನವೂ ಅವಳನ್ನು ಕೇಳಿದ. ನೀನು ಹೇಗಿದ್ದೀಯಮ್ಮಾ ಎಂದು ಒಮ್ಮೆ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇಬ್ಬರೂ ಉಳಿಯುತ್ತಿದ್ದರು.”

ಮರಿದೇವನ ದನಿ ತಗ್ಗಿತು. “ಹಾಗಾದರೆ ಕೊಟ್ರಯ್ಯ?”

“ಅವನನ್ನು ನಾನೇ ಕರೆದು ಕೂರಿಸಿಕೊಂಡು ಕೇಳುತ್ತೇನೆ. ನಡುವೆ ನೀನು ಬೇಡ.”

ಮರಿದೇವ ಏಳಲು ಹೊರಟ. ಗುರುಗಳು ಕೈ ಒರೆಸಿಕೊಂಡು ಅವನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾಡಿಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಮಗೂ, ನಿನಗೆ ನಿದ್ದೆ ಬಾರದೆ ಎಷ್ಟು ದಿನವಾಯಿತು?”